ನೀರು ಕಾಯುವದು, ನೀರನ್ನು ಕಾಯುವದು

ಕನ್ನಡದ ‘ಕಾಯ್’ ಎಂಬ ಧಾತುವಿಗೆ ಎರಡು ಅರ್ಥಗಳುಂಟು. ಬಿಸಿಯಾಗುವದೂ ಕಾಯುವದೇ, ರಕ್ಷಿಸುವದೂ ಕಾಯುವದೇ. ಒಲೆಯ ಮೇಲಿನ ನೀರು ಕಾಯುತ್ತದೆ. ಹೊಲದ ಬೆಳೆಯನ್ನು ಒಕ್ಕಲಿಗನು ಕಾಯುತ್ತಾನೆ. ಭಾಷೆಯ ಈ ಯೋಗವು ನಮ್ಮ ಇಂದಿನ ವಿಷಯಕ್ಕೆ ಬಹು ಚೆನ್ನಾಗಿ ಒಪ್ಪುವದು. ಏಕೆಂದರೆ ಮನೆಯಲ್ಲಿ ಬಿಸಿನೀರಿನ ತೊಟ್ಟಿಯನ್ನು ಇಡಬೇಕೆನ್ನುವವರು ನೀರನ್ನು ಕಾಯಿಸುವ ಯೋಚನೆಯನ್ನು ಮಾಡುವರು. ಕಾದ ನೀರನ್ನು ಕಾಯುವ ಯೋಚನೆಯನ್ನು ಮಾಡುವವರು ವಿರಳ. ಇವೆರಡರಲ್ಲಿ ಎರಡನೆಯದೇ ಕಷ್ಟದ ಕೆಲಸವು, ಮತ್ತು ಮನೆಯವರ ಆರೋಗ್ಯವು ನಿಂತಿರುವದು ಅದರ ಮೇಲೆಯೇ.

ಮೈ ಮುಳುಗುವಷ್ಟು ಬಿಸಿನೀರು ತುಂಬಿ, ಅದರಲ್ಲಿ ಕುಳಿತು, ನೀರಿನ ಧಾರೆಗಳಿಂದ ಕೀಲುಗಳನ್ನು ನೀವಿಸಿಕೊಳ್ಳುವ ತೊಟ್ಟಿಯು ಕೆಲವು ವರ್ಷಗಳ ಹಿಂದೆ ದೊಡ್ಡ ಹೊಟೇಲುಗಳಲ್ಲಿ ಮಾತ್ರ ಕಾಣುವ ವಸ್ತುವಾಗಿತ್ತು. ಈಗ ಅದು ಗೃಹಸ್ಥರ ಮನೆಗಳಿಗೂ ಬರಹತ್ತಿದೆ. ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ಉದ್ಯೋಗದಲ್ಲಿರುವ ಮಕ್ಕಳು, ಮೊಣಕಾಲು ನೋವಿನಿಂದ ಬಳಲುವ ತಾಯಿಗೆ ಏನಾದರೊಂದು ಸುಖವನ್ನು ಮಾಡಿಕೊಡಬೇಕೆಂದು ಬಯಸುವದು ಸಹಜವೇ ಸರಿ. ಆ ಬಯಕೆಯು ಸಫಲವಾಗಬೇಕಾದರೆ ಯಾವ ತೊಟ್ಟಿ, ಎಂಥ ನೀರು, ಎಷ್ಟು ಜಾಗರೂಕತೆ ಎಂಬ ಮೂರು ಸಂಗತಿಗಳನ್ನು ಮೊದಲೇ ತಿಳಿದುಕೊಂಡಿರಬೇಕು. ಅವನ್ನು ನಮ್ಮ ಊರಿನ ಪರಿಸ್ಥಿತಿಯನ್ನು ಕಣ್ಣ ಮುಂದಿಟ್ಟುಕೊಂಡು ಇಲ್ಲಿ ವಿಚಾರಿಸುವೆವು.

ಬಿಸಿನೀರಿನಲ್ಲಿ ಮುಳುಗಿ ಕೂಡ್ರುವದು ನಮ್ಮ ದೇಶಕ್ಕೆ ಹೊಸದಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಬೆವರಿಸುವ ಚಿಕಿತ್ಸೆಯ ೧೩ ಬಗೆಗಳನ್ನು ಹೇಳಿದೆ. ಅವುಗಳಲ್ಲಿ ‘ಅವಗಾಹನ’ವೆಂಬದು ಒಂದು. ಔಷಧಗಳನ್ನು ಹಾಕಿ ಕಾಯಿಸಿದ ದ್ರವದಲ್ಲಿ ರೋಗಿಯನ್ನು ಕೂಡ್ರಿಸುವದೇ ಆ ಕ್ರಮವು. ವಾಗ್ಭಟನು ಬಿಸಿನೀರು ಕುತ್ತಿಗೆಯ ಕೆಳಗಿನ ದೇಹಕ್ಕೆ ಬಲವನ್ನು ಕೊಡುವದೆಂದೂ, ತಲೆಗೆ ಹಾಕಿದರೆ ಕೂದಲಿಗೂ ಕಣ್ಣಿಗೂ ಹಿತವಲ್ಲವೆಂದೂ ಹೇಳಿ, ಉಂಡ ಕೂಡಲೆ ಸ್ನಾನ ಮಾಡಬಾರದೆಂದು ಎಚ್ಚರಿಸಿದ್ದಾನೆ. ಇನ್ನು ನಮ್ಮ ಬಚ್ಚಲುಮನೆಯ ಹಂಡೆಯನ್ನು ಕುರಿತು ಹೇಳುವದೇನು! ಆಶ್ವೀಜ ಬಹುಳ ತ್ರಯೋದಶಿಯ ಸಾಯಂಕಾಲ ಹಂಡೆಯನ್ನು ಬರಿದು ಮಾಡಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣುಗಳಿಂದ ಅಲಂಕರಿಸಿ, ಹೊಸ ನೀರು ತುಂಬಿ ಪೂಜಿಸುವ ನೀರು ತುಂಬುವ ಹಬ್ಬವು ವಾಚಕರೆಲ್ಲರಿಗೂ ಗೊತ್ತು. ಪಾತ್ರೆಯನ್ನು ಬರಿದು ಮಾಡಿ ತೊಳೆಯದೆ ಹೊಸ ನೀರನ್ನು ತುಂಬಬಾರದೆಂಬ ನೀತಿಯು ಅದರಲ್ಲಿ ಅಡಗಿದೆ.

ಈಗಿನ ಯಂತ್ರದ ತೊಟ್ಟಿಯ ಹುಟ್ಟು ಅಮೇರಿಕೆಯಲ್ಲಿ. ಇಟಲಿಯಿಂದ ಕ್ಯಾಲಿಫೋರ್ನಿಯಕ್ಕೆ ವಲಸೆ ಹೋಗಿದ್ದ ಜಕೂಝಿ ಸಹೋದರರು ಪಂಪುಗಳನ್ನು ಮಾಡುವ ಕುಶಲಿಗಳಾಗಿದ್ದರು. ಅವರಲ್ಲಿ ಕ್ಯಾಂಡಿಡೊ ಎಂಬವನ ಚಿಕ್ಕ ಮಗನಿಗೆ ಸಂಧಿವಾತವು ತಗಲಿತು. ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಜಲಚಿಕಿತ್ಸೆಯು ಮನೆಯಲ್ಲಿಯೇ ದೊರೆಯಲೆಂದು ತಂದೆಯು ಸ್ನಾನದ ತೊಟ್ಟಿಯಲ್ಲಿ ಇಡಬಹುದಾದ ಪಂಪೊಂದನ್ನು ಕಲ್ಪಿಸಿದನು. ೧೯೫೬ರಲ್ಲಿ ಅದು ಮಾರಾಟಕ್ಕೆ ಬಂದಿತು; ೧೯೬೮ರಲ್ಲಿ ಅದೇ ಮನೆತನದ ರಾಯ್ ಜಕೂಝಿಯು ಪಂಪೂ ಧಾರೆಗಳೂ ಒಡಲಲ್ಲಿಯೇ ಅಡಕವಾದ ತೊಟ್ಟಿಯನ್ನು ಮಾಡಿದನು. ಈಗ ವಿಲಾಸದ ವಸ್ತುವೆನಿಸಿರುವ ಈ ಯಂತ್ರವು ಮೂಲದಲ್ಲಿ ಒಬ್ಬ ತಂದೆಯ ಕರುಳಿನ ಸಂಕಟದಿಂದ ಹುಟ್ಟಿತೆಂಬದನ್ನು ನೆನಪಿನಲ್ಲಿಡುವದು ಒಳ್ಳೆಯದು.

ಆದರೆ ಹಂಡೆಗೂ ತೊಟ್ಟಿಗೂ ಒಂದು ಮುಖ್ಯ ಭೇದವುಂಟು. ಹಂಡೆಯಿಂದ ತೋಡಿ ಮೈಮೇಲೆ ಹೊಯ್ದುಕೊಂಡ ನೀರು ಬಚ್ಚಲಿನಿಂದ ಹರಿದು ಹೋಗುವದು. ಅದರೊಡನೆ ಮೈಯ ಕೊಳೆಯೂ ಹೋಗುವದು. ತೊಟ್ಟಿಯ ನೀರಾದರೋ ಅಲ್ಲಿಯೇ ನಿಲ್ಲುವದು. ಇಂದು ಕುಳಿತವರ ಬೆವರು, ಎಣ್ಣೆ, ಚರ್ಮದ ಹೊಟ್ಟು ಎಲ್ಲವೂ ನಾಳೆ ಕೂಡ್ರುವವರ ಪಾಲಿಗೆ ಉಳಿಯುವದು. ಮುಂದೆ ಹೇಳುವ ನಿಯಮಗಳೆಲ್ಲ ಈ ಒಂದೇ ಭೇದದಿಂದ ಹೊರಟವುಗಳೆಂದು ತಿಳಿಯಬೇಕು.

ಆದುದರಿಂದ ಕೊಳ್ಳುವವರು ತಮಗೆ ತಾವೇ ಕೇಳಿಕೊಳ್ಳಬೇಕಾದ ಮೊದಲನೆಯ ಪ್ರಶ್ನೆಯು ಬಣ್ಣದ್ದೂ ಅಲ್ಲ, ಬೆಲೆಯದೂ ಅಲ್ಲ. ತುಂಬಿ ಚೆಲ್ಲುವ ತೊಟ್ಟಿಯೋ, ತುಂಬಿ ಇಡುವ ತೊಟ್ಟಿಯೋ ಎಂಬದು. ತುಂಬಿ ಚೆಲ್ಲುವದೆಂದರೆ ಒಬ್ಬರು ಕಾಲು ಚಾಚಿ ಕೂಡ್ರುವ, ಸುಮಾರು ೨೦೦ ಲೀಟರು ಹಿಡಿಯುವ ಸಾದಾ ತೊಟ್ಟಿ. ತುಂಬಿ ಇಡುವದೆಂದರೆ ನಾಲ್ಕು ಜನ ಕೂಡ್ರುವ, ಸುಮಾರು ೧೦೦೦ ಲೀಟರು ಹಿಡಿಯುವ, ಪಂಪು, ಶೋಧಕ, ಕಾಯಿಸುವ ಉಪಕರಣಗಳುಳ್ಳ ತೊಟ್ಟಿ. ಇಲ್ಲಿ ಲೆಕ್ಕವು ನಮ್ಮ ಎಣಿಕೆಗೆ ವಿರುದ್ಧವಾಗಿ ಬರುವದನ್ನು ನೋಡಿರಿ. ಒಬ್ಬರು ದಿನಾಲು ತುಂಬಿ ಚೆಲ್ಲಿದರೆ ತಿಂಗಳಿಗೆ ೬೦೦೦ ಲೀಟರು ಬೇಕು. ದೊಡ್ಡ ತೊಟ್ಟಿಯ ನೀರನ್ನು ತಿಂಗಳಿಗೊಮ್ಮೆ ಬದಲಿಸಿದರೆ ಆರಿಹೋಗುವ, ಚೆಲ್ಲಿಹೋಗುವ ನೀರನ್ನು ಕೂಡಿಸಿಯೂ ಅದರ ಕಾಲುಭಾಗದಷ್ಟು ಸಾಕಾದೀತು. ಆದರೆ ವಾರಕ್ಕೆ ಎರಡೇ ಸಲ ಕೂಡ್ರುವವರಿಗೆ ತುಂಬಿ ಚೆಲ್ಲುವ ತೊಟ್ಟಿಗೆ ತಿಂಗಳಿಗೆ ೧೬೦೦ ಲೀಟರು. ಆ ನೀರಿನಲ್ಲಿ ಔಷಧವಿಲ್ಲದ್ದರಿಂದ ಅದೆಲ್ಲ ಬಾಳೆಗೂ ತೆಂಗಿಗೂ ಹೋಗಬಹುದು. ಹೀಗೆ ದೊಡ್ಡ ತೊಟ್ಟಿಯು ದಿನಬಳಕೆಯವರಿಗೆ ನೀರನ್ನು ಉಳಿಸುವದು, ಆದರೆ ವಿದ್ಯುತ್ತನ್ನೂ ಎಚ್ಚರವನ್ನೂ ದಿನಾಲು ಬೇಡುವದು. ಚಿಕ್ಕದು ನೀರನ್ನು ಬೇಡುವದು, ಚಿಂತೆಯನ್ನು ಉಳಿಸುವದು.

ಎರಡನೆಯದು ಸ್ಥಳದ ವಿಚಾರ. ನೀರಿನ ಭಾರವನ್ನು ಜನರು ಮರೆಯುವರು. ಒಂದು ಲೀಟರು ನೀರಿಗೆ ಒಂದು ಕಿಲೋ ತೂಕ. ೧೦೦೦ ಲೀಟರಿನ ತೊಟ್ಟಿ ತುಂಬಿ ನಾಲ್ವರು ಕುಳಿತರೆ ಒಟ್ಟು ಭಾರವು ಸುಮಾರು ೧೫೦೦ ಕಿಲೋ. ತೊಟ್ಟಿಯ ತಳವು ೧.೮ ಮೀಟರಿನ ಚೌಕವಾಗಿದ್ದರೆ ಒಂದು ಚದರ ಮೀಟರಿಗೆ ಸುಮಾರು ೪೬೦ ಕಿಲೋ ಭಾರ ಬಿದ್ದಂತಾಯಿತು. ಸಾಧಾರಣ ವಾಸದ ಕೋಣೆಯ ನೆಲವನ್ನು ಜನ, ಸಾಮಾನುಗಳ ಭಾರಕ್ಕೆಂದು ಚದರ ಮೀಟರಿಗೆ ೨೦೦ ಕಿಲೋ ಲೆಕ್ಕ ಹಿಡಿದು ಕಟ್ಟುವ ರೂಢಿಯಿದೆ. ಆದುದರಿಂದ ಮಾಳಿಗೆಯ ಮೇಲೆ ತೊಟ್ಟಿಯನ್ನಿಡುವದು ಇಂಜಿನಿಯರರ ಒಪ್ಪಿಗೆಯಿಲ್ಲದೆ ಸರ್ವಥಾ ಕೂಡದು. ನೆಲದ ಮೇಲೆ, ಗಟ್ಟಿಯಾದ ಕಾಂಕ್ರೀಟಿನ ಹಾಸಿನ ಮೇಲೆ, ಬಚ್ಚಲಿಗೆ ಇಳಿಜಾರಿರುವಲ್ಲಿ, ಮುದುಕರು ಹಿಡಿದುಕೊಂಡು ಇಳಿಯಲು ಗಟ್ಟಿ ಕಂಬಿಯಿರುವಲ್ಲಿ ಇಡುವದೇ ಕ್ಷೇಮ.

ಮೂರನೆಯದು ಕಾಯಿಸುವ ಸಾಧನ. ಸಾವಿರ ಲೀಟರು ನೀರನ್ನು ೨೫ ಡಿಗ್ರಿಯಿಂದ ೩೯ ಡಿಗ್ರಿಗೆ ಏರಿಸಲು ಸುಮಾರು ೧೬ ಯುನಿಟು ವಿದ್ಯುತ್ತು ಬೇಕು. ೩ ಕಿಲೋವ್ಯಾಟಿನ ಉಪಕರಣಕ್ಕೆ ಐದೂವರೆ ತಾಸಿನ ಕೆಲಸ. ಒಮ್ಮೆ ಕಾದ ಮೇಲೆ ಉಷ್ಣವು ಬಹುಭಾಗ ಆವಿಯ ಮೂಲಕ ಮೇಲಿನಿಂದಲೇ ಹೋಗುವದರಿಂದ ದಪ್ಪವಾದ ಮುಚ್ಚಳವಿಲ್ಲದ ತೊಟ್ಟಿಯನ್ನು ಕೊಳ್ಳಬಾರದು. ಚಿಕ್ಕ ತೊಟ್ಟಿಗೆ ಸೌರ ಹೀಟರೇ ಸಾಕು. ೬೦ ಡಿಗ್ರಿಯ ೮೦ ಲೀಟರು ನೀರಿಗೆ ೨೫ ಡಿಗ್ರಿಯ ೧೨೦ ಲೀಟರು ತಣ್ಣೀರು ಸೇರಿಸಿದರೆ ೩೯ ಡಿಗ್ರಿಯ ೨೦೦ ಲೀಟರು ಸಿದ್ಧ. ಆದರೆ ಮೊದಲು ತಣ್ಣೀರು, ಅನಂತರ ಬಿಸಿನೀರು ಎಂಬ ಕ್ರಮವನ್ನು ಮನೆಯಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕು. ೬೦ ಡಿಗ್ರಿಯ ನೀರು ಐದಾರು ಸೆಕೆಂಡುಗಳಲ್ಲಿ ಬೆಳೆದವರ ಚರ್ಮವನ್ನು ಕೂಡ ಬೇಯಿಸುವದು. ಅನಿಲದ ಗೀಜರನ್ನು ಗಾಳಿಯಿಲ್ಲದ ಬಚ್ಚಲುಮನೆಯೊಳಗೆ ಇಡುವದಂತೂ ಪ್ರಾಣಕ್ಕೇ ಅಪಾಯಕರ. ಗಾಳಿ ಸಾಲದೆ ಅನಿಲವು ಅರೆಬರೆ ಉರಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡೆಂಬ ವಿಷವಾಯುವು ಹುಟ್ಟುವದು; ತೊಟ್ಟಿಯಲ್ಲಿ ಸುಖವಾಗಿ ಕುಳಿತವರು ಮಂಪರು ಬಂದಿತೆಂದು ತಿಳಿಯುವಷ್ಟರಲ್ಲಿ ಎಚ್ಚರ ತಪ್ಪಿರುವರು. ಅದು ಮನೆಯ ಹೊರಗೋಡೆಯ ಮೇಲಿರಲಿ. ವಿದ್ಯುತ್ತಿನ ತೊಟ್ಟಿಗೆ ಒಳ್ಳೆಯ ಭೂಸಂಪರ್ಕವೂ, ೩೦ ಮಿಲಿಆಂಪಿಯರಿನಷ್ಟು ವಿದ್ಯುತ್ತು ಸೋರಿದರೂ ತಾನೇ ಸಂಬಂಧವನ್ನು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನವೂ ಇರಲೇಬೇಕು.

ಇನ್ನು ನೀರಿನ ವಿಚಾರ. ನಮ್ಮ ಮಾಸೂರು ಕುಮುದ್ವತಿಯ ದಂಡೆಯ ಊರು. ಹುಂಚದ ಹತ್ತಿರ ಹುಟ್ಟಿದ ಈ ನದಿಯು ಶಿಕಾರಿಪುರದ ಕಡೆಯಿಂದ ಬಂದು, ಮದಗದ ಗುಡ್ಡಗಳ ನಡುವೆ ಹಾಯ್ದು, ಮುಂದೆ ತುಂಗಭದ್ರೆಯನ್ನು ಕೂಡುವದು. ಮಳೆಗಾಲದಲ್ಲಿ ಮದಗದ ನೀರು ಜಲಪಾತವಾಗಿ ಧುಮುಕುವದನ್ನು ನೋಡಲು ದೂರದ ಜನರೂ ಬರುವರು. ಬೇಸಿಗೆಯಲ್ಲಿ ಅದೇ ಸೀಮೆಯಲ್ಲಿ ಕೊಡ ನೀರಿಗೂ ಲೆಕ್ಕ ಹಾಕುವ ದಿವಸಗಳುಂಟು. ಕೊಳವೆಬಾವಿಯ ನೀರು ಅನೇಕ ಕಡೆಗಳಲ್ಲಿ ಗಡಸು. ಸಾಬೂನು ನೊರೆ ಬಿಡದಿದ್ದರೆ, ಬೇಳೆ ಬೇಯದಿದ್ದರೆ, ಹಂಡೆಯೊಳಗೆ ಬಿಳಿಯ ಹಿಟ್ಟಿನ ಪೊರೆ ಕಟ್ಟಿದರೆ ನೀರು ಗಡಸೆಂದು ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀರಿನಲ್ಲಿ ಕರಗಿದ ಸುಣ್ಣದಂಶವು ಕಾಯಿಸಿದಾಗ ಬೇರ್ಪಟ್ಟು ಪೊರೆಯಾಗುವದು. ಹಂಡೆಗೆ ಅದು ಅಂದಗೇಡು ಮಾತ್ರ. ಯಂತ್ರದ ತೊಟ್ಟಿಯಲ್ಲಿ ಅದು ಕಾಯಿಸುವ ಕಂಬಿಯನ್ನು ಕವಿದು ವಿದ್ಯುತ್ತನ್ನು ತಿನ್ನಿಸುವದು, ಧಾರೆಯ ರಂಧ್ರಗಳನ್ನು ಮುಚ್ಚುವದು.

ಇದಕ್ಕೆ ಪರಿಹಾರವು ನಮ್ಮ ಮಾಡಿನ ಮೇಲೆಯೇ ಬೀಳುವದು. ೧೦೦ ಚದರ ಮೀಟರಿನ ಛಾವಣಿಯ ಮೇಲೆ ೧೦ ಮಿಲಿಮೀಟರು ಮಳೆಯಾದರೆ ೧೦೦೦ ಲೀಟರು ನೀರು. ಹೊಳ್ಳಿ ಹೋದದ್ದನ್ನು ಬಿಟ್ಟರೂ ಒಂದು ಒಳ್ಳೆಯ ಮಳೆಯು ದೊಡ್ಡ ತೊಟ್ಟಿಯನ್ನು ಬಹುಮಟ್ಟಿಗೆ ತುಂಬಿಸಬಲ್ಲದು. ಆದರೆ ಬರಿಯ ಮಳೆನೀರು ತೀರ ಮೆದುವಾಗಿ ನೊರೆ ಕಟ್ಟುವದು, ಲೋಹವನ್ನು ಸವೆಸುವದು. ಗಡಸು ನೀರಿನೊಡನೆ ಅದನ್ನು ಅರ್ಧಕ್ಕರ್ಧ ಬೆರೆಸಿದರೆ ಎರಡರ ದೋಷವೂ ತಗ್ಗುವದು.

ಈಗ ಕಾಯುವದರ ಎರಡನೆಯ ಅರ್ಥಕ್ಕೆ ಬರುವೆವು. ಕುದಿಯುವ ನೀರಿನಲ್ಲಿ ಸೂಕ್ಷ್ಮಜೀವಿಗಳು ಬದುಕಲಾರವು; ತಣ್ಣೀರಿನಲ್ಲಿ ಬೇಗ ಬೆಳೆಯಲಾರವು. ೨೫ರಿಂದ ೪೫ ಡಿಗ್ರಿಗಳ ನಡುವಿನ ಬೆಚ್ಚನೆಯ ನೀರು ಅವುಗಳಿಗೆ ತೊಟ್ಟಿಲಿದ್ದಂತೆ. ನಮ್ಮ ತೊಟ್ಟಿಯ ನೀರು ಸರಿಯಾಗಿ ಆ ನಡುವಿನದೇ. ೧೯೭೬ರಲ್ಲಿ ಅಮೇರಿಕೆಯ ಫಿಲಡೆಲ್ಫಿಯದಲ್ಲಿ ಮಾಜಿ ಸೈನಿಕರ ಸಮ್ಮೇಲನಕ್ಕೆ ಬಂದವರಿಗೆ ಘೋರವಾದ ನ್ಯುಮೋನಿಯ ಹತ್ತಿತು. ಮರುವರ್ಷ ಅದರ ಕಾರಣವಾದ ಜೀವಿಯನ್ನು ಕಂಡುಹಿಡಿದರು; ಮುಂದೆ ಅದಕ್ಕೆ ಲೀಜಿಯೊನೆಲ್ಲಾ ಎಂದು ಹೆಸರಿಟ್ಟರು. ನೀರಿನ ತುಂತುರನ್ನು ಉಸಿರಿನಲ್ಲಿ ಎಳೆದುಕೊಂಡಾಗ ಅದು ಶ್ವಾಸಕೋಶವನ್ನು ಸೇರುವದು. ೧೯೯೯ರಲ್ಲಿ ನೆದರ್ಲೆಂಡ್ಸಿನ ಬೋವೆನ್‌ಕಾರ್ಸ್ಪೆಲ್ ಎಂಬಲ್ಲಿ ನಡೆದ ಹೂವಿನ ಪ್ರದರ್ಶನದಲ್ಲಿ ಮಾರಾಟಕ್ಕೆ ತೋರಿಸಲು ಇಟ್ಟಿದ್ದ ಬಿಸಿನೀರಿನ ತೊಟ್ಟಿಯಿಂದ ಈ ರೋಗವು ಹರಡಿ ೩೦ಕ್ಕಿಂತ ಹೆಚ್ಚು ಜನರು ಮರಣ ಹೊಂದಿದರು. ತೊಟ್ಟಿಯಲ್ಲಿ ಇಳಿಯಬೇಕೆಂದಿಲ್ಲ, ಅದರ ಹತ್ತಿರ ಹಾಯ್ದು ಹೋದರೂ ಸಾಕಾಗಿತ್ತು. ವೃದ್ಧರಿಗೂ ಪುಪ್ಪುಸದ ದೌರ್ಬಲ್ಯವುಳ್ಳವರಿಗೂ ಈ ಭಯವು ಹೆಚ್ಚು. ತಾಯಿಯ ಮೊಣಕಾಲಿಗೆಂದು ತಂದ ತೊಟ್ಟಿಯು ತಾಯಿಯ ಉಸಿರಿಗೇ ಕುತ್ತಾಗಬಾರದಷ್ಟೆ.

ನೀರನ್ನು ಶುದ್ಧವಾಗಿಡುವದು ಕ್ಲೋರೀನು. ಬಿಸಿನೀರಿನ ತೊಟ್ಟಿಯಲ್ಲಿ ಅದು ಲೀಟರಿಗೆ ೩ ಮಿಲಿಗ್ರಾಮಿಗಿಂತ ಕಡಿಮೆಯಾಗಬಾರದು. ಸಾವಿರ ಲೀಟರಿಗೆ ೩ ಗ್ರಾಂ ಶುದ್ಧ ಕ್ಲೋರೀನು ಎಂದಂತಾಯಿತು. ಡೈಕ್ಲೋರ್ ಎಂಬ ಹರಳಿನ ರೂಪದಲ್ಲಾದರೆ ಸುಮಾರು ಐದೂವರೆ ಗ್ರಾಂ. ಅಗ್ಗವೆಂದು ಬ್ಲೀಚಿಂಗ್ ಪುಡಿಯನ್ನು ಹಾಕಿದರೆ ಅದರೊಡನೆ ಸುಣ್ಣದಂಶವೂ ಸೇರಿ ಗಡಸುತನವು ಹೆಚ್ಚುವದು. ಕ್ಲೋರೀನಿನ ಬಲವು ನೀರಿನ ಹುಳಿ-ಕ್ಷಾರಗಳ ಮೇಲೆ, ಎಂದರೆ ಪಿಎಚ್ ಅಂಕದ ಮೇಲೆ ನಿಂತಿದೆ. ಆ ಅಂಕವು ೭.೨ರಿಂದ ೭.೮ರೊಳಗೆ ಇರಬೇಕು. ೭.೫ರಲ್ಲಿ ಕ್ಲೋರೀನಿನ ಅರ್ಧಭಾಗವು ಕೊಲ್ಲುವ ರೂಪದಲ್ಲಿರುವದು. ೮ನ್ನು ದಾಟಿದರೆ ಹಾಕಿದ ಔಷಧದ ಬಹುಭಾಗವು ಮಲಗಿದಂತೆಯೇ. ಗಾಳಿಯ ಗುಳ್ಳೆಗಳನ್ನು ಹೆಚ್ಚು ಆಡಿಸಿದಷ್ಟೂ ನೀರಿನೊಳಗಿನ ಅಂಗಾರಾಮ್ಲವು ಹಾರಿಹೋಗಿ ಈ ಅಂಕವು ಏರುವದು. ಇವೆರಡನ್ನೂ ಅಳೆಯುವ ಬಣ್ಣದ ಕಾಗದದ ಪಟ್ಟಿಗಳು ದೊರೆಯುವವು. ತೊಟ್ಟಿಯನ್ನು ಕೊಂಡವರು ಮೊದಲು ಕೊಳ್ಳಬೇಕಾದದ್ದು ಅವನ್ನೇ. ಕತಕದ, ಎಂದರೆ ಚಿಲ್ಲದ ಬೀಜದ, ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂಬ ದೃಷ್ಟಾಂತವು ಮನುಸ್ಮೃತಿಯಲ್ಲಿದೆ. ಹಾಗೆಯೇ ಕ್ಲೋರೀನಿನ ಡಬ್ಬಿಯು ಮಾಡದಲ್ಲಿದ್ದ ಮಾತ್ರಕ್ಕೆ ನೀರು ಶುದ್ಧವಾಗದು. ಅಳೆದು ಹಾಕಬೇಕು, ಹಾಕಿ ಅಳೆಯಬೇಕು.

ಇಲ್ಲಿ ಸಾಮಾನ್ಯವಾದ ತಪ್ಪು ತಿಳಿವಳಿಕೆಯೊಂದುಂಟು. ತೊಟ್ಟಿಯಿಂದ ಔಷಧದ ಘಾಟು ಬಂದರೆ ಕ್ಲೋರೀನು ಹೆಚ್ಚಾಯಿತೆಂದು ಜನರು ಭಾವಿಸುವರು. ವಾಸ್ತವವು ಬೇರೆ. ಕ್ಲೋರೀನು ಬೆವರು ಮೊದಲಾದ ಕೊಳೆಯೊಡನೆ ಕೂಡಿ ನಿಸ್ಸತ್ವವಾದಾಗಲೇ ಆ ಘಾಟು ಏಳುವದು. ಅದು ಔಷಧ ಸಾಲದೆಂಬುದರ ಲಕ್ಷಣವು. ಆಗ ಒಂದು ಸಲ ಹೆಚ್ಚಿನ ಪ್ರಮಾಣವನ್ನು ಹಾಕಿ, ಮುಚ್ಚಳವನ್ನು ತೆಗೆದಿಟ್ಟು, ಅಳತೆಯು ಸರಿಗೆ ಬರುವವರೆಗೆ ಯಾರೂ ಇಳಿಯಬಾರದು. ಔಷಧವನ್ನು ನೀರಿಗೆ ಹಾಕಬೇಕೇ ಹೊರತು ಔಷಧದ ಮೇಲೆ ನೀರು ಸುರಿಯಬಾರದು. ಬಚ್ಚಲು ತೊಳೆಯುವ ಆಮ್ಲವನ್ನು ಕ್ಲೋರೀನಿನ ಹತ್ತಿರವೂ ಸುಳಿಯಗೊಡಬಾರದು; ಇವೆರಡೂ ಕೂಡಿದರೆ ವಿಷವಾಯುವು.

ದಿನಚರಿಯು ಹೀಗಿರಲಿ. ಇಳಿಯುವ ಮುನ್ನ ಪ್ರತಿಯೊಬ್ಬರೂ ಬಚ್ಚಲಲ್ಲಿ ಮೈ ತೊಳೆದುಕೊಳ್ಳಬೇಕು. ಜಪಾನಿನ ಜನರು ಹೊರಗೆ ಮೈ ತಿಕ್ಕಿ ತೊಳೆದುಕೊಂಡ ಮೇಲೆಯೇ ತಮ್ಮ ಬಿಸಿನೀರಿನ ತೊಟ್ಟಿಗೆ ಇಳಿಯುವರು; ಆದುದರಿಂದಲೇ ಮನೆಯವರೆಲ್ಲ ಒಂದೇ ನೀರನ್ನು ಬಳಸುವದು ಅವರಿಗೆ ಸಾಧ್ಯವಾಗಿದೆ. ಅಭ್ಯಂಗದ ದಿವಸ ಎಣ್ಣೆಯ ಮೈಯಲ್ಲಿ ತೊಟ್ಟಿಗೆ ಇಳಿಯುವದಂತೂ ಕೂಡದು. ಸೀಗೆಕಾಯಿಯಿಂದ ಜಿಡ್ಡು ಪೂರ್ತಿ ಹೋದ ಮೇಲೆ ಇಳಿಯಬಹುದು. ಇಲ್ಲವಾದರೆ ಎಣ್ಣೆಯು ಶೋಧಕವನ್ನು ಕಟ್ಟುವದು, ಕ್ಲೋರೀನನ್ನು ನುಂಗುವದು. ಬಳಸುವ ಪ್ರತಿ ದಿನವೂ ಇಳಿಯುವ ಮೊದಲು ಅಳತೆ. ವಾರಕ್ಕೊಮ್ಮೆ ಶೋಧಕವನ್ನು ತೊಳೆಯುವದು ಮತ್ತು ನೀರಿನ ಅಂಚಿನ ಜಿಡ್ಡನ್ನು ಒರೆಸುವದು. ನೀರು ಬದಲಿಸುವಾಗ ತೊಟ್ಟಿಯನ್ನು ತಿಕ್ಕಿ ತೊಳೆಯುವದು.

ನೀರನ್ನು ಎಂದು ಬದಲಿಸಬೇಕೆಂಬದಕ್ಕೆ ಒಂದು ಸುಲಭವಾದ ಗಣಿತವಿದೆ. ಲೀಟರಿನ ಸಂಖ್ಯೆಯನ್ನು ೧೧ರಿಂದ ಭಾಗಿಸಿ, ಬಂದದ್ದನ್ನು ದಿನಾಲು ಇಳಿಯುವವರ ಸಂಖ್ಯೆಯಿಂದ ಭಾಗಿಸಿದರೆ ದಿವಸಗಳ ಎಣಿಕೆ ಬರುವದು. ಸಾವಿರ ಲೀಟರಿಗೆ ಮೂವರಾದರೆ ೩೦ ದಿವಸ. ದೀಪಾವಳಿಗೆ ಬಂಧುಗಳು ಕೂಡಿ ದಿನಕ್ಕೆ ಹತ್ತು ಜನ ಇಳಿದರೆ ೯ ದಿವಸ. ಚೆಲ್ಲುವ ನೀರಿನಲ್ಲಿ ಕ್ಲೋರೀನು ಉಳಿದಿದ್ದರೆ ಅದು ಗಿಡಕ್ಕೂ ಮೀನಿಗೂ ವಿಷ. ಔಷಧ ಹಾಕುವದನ್ನು ನಿಲ್ಲಿಸಿ, ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಂಡು, ಎರಡು ಮೂರು ದಿವಸ ಮುಚ್ಚಳ ತೆಗೆದಿಟ್ಟು, ಪಟ್ಟಿಯ ಬಣ್ಣವು ಸೊನ್ನೆಯನ್ನು ತೋರಿಸಿದ ಮೇಲೆ ಹಿತ್ತಲಿಗೆ ಬಿಡಬಹುದು. ಹಳ್ಳಕ್ಕೂ ಕೆರೆಗೂ ಮಾತ್ರ ಬಿಡತಕ್ಕದ್ದಲ್ಲ.

ಕೊನೆಯದಾಗಿ ಇಳಿಯುವವರ ಮಾತು. ನೀರು ೪೦ ಡಿಗ್ರಿಯನ್ನು ಮೀರಬಾರದು. ೧೫ ನಿಮಿಷಕ್ಕಿಂತ ಹೆಚ್ಚು ಕೂಡ್ರುವ ಅವಶ್ಯಕತೆಯಿಲ್ಲ. ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗಿ ರಕ್ತದ ಒತ್ತಡವು ಇಳಿಯುವದರಿಂದ ಥಟ್ಟನೆ ಎದ್ದು ನಿಂತರೆ ತಲೆ ತಿರುಗುವದು. ಹೃದ್ರೋಗಿಗಳೂ, ಒತ್ತಡಕ್ಕೆ ಔಷಧ ತೆಗೆದುಕೊಳ್ಳುವವರೂ ವೈದ್ಯರನ್ನು ಕೇಳಿಯೇ ಇಳಿಯಬೇಕು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರು ಬಿಸಿಯನ್ನು ಕಾಲಿನಿಂದಲ್ಲ, ಉಷ್ಣಮಾಪಕದಿಂದ ನೋಡಬೇಕು. ಗರ್ಭಿಣಿಯರಿಗೆ, ವಿಶೇಷವಾಗಿ ಮೊದಲ ತಿಂಗಳುಗಳಲ್ಲಿ, ಇದು ಬೇಡ. ಐದು ವರ್ಷದೊಳಗಿನ ಮಕ್ಕಳನ್ನು ಇಳಿಸಬಾರದು. ಕೂಸು ಮುಳುಗಲು ಒಂದು ಗೇಣು ನೀರೂ ಬೇಡ. ಮುಚ್ಚಳಕ್ಕೆ ಬೀಗವಿರಬೇಕು, ಕೀಲಿಕೈ ಹಿರಿಯರ ಸೆರಗಿನಲ್ಲಿರಬೇಕು. ಮತ್ತು ಬಿಸಿನೀರು ಕೀಲುನೋವನ್ನು ಕೆಲವು ಹೊತ್ತು ಶಮನ ಮಾಡುವದೇ ಹೊರತು ರೋಗವನ್ನು ಕೀಳುವದಿಲ್ಲವೆಂಬದನ್ನೂ ತಿಳಿದಿರಬೇಕು.

ಹೀಗಿರಲು ನಮ್ಮ ಸೀಮೆಯ ಸಾಧಾರಣ ಗೃಹಸ್ಥನಿಗೆ ನಮ್ಮ ಸಲಹೆಯು ಇಷ್ಟು: ಮನೆಯಲ್ಲಿ ನೋವುಳ್ಳವರು ಒಬ್ಬಿಬ್ಬರಿದ್ದು ವಾರಕ್ಕೆ ಎರಡು ಮೂರು ಸಲ ಸಾಕೆಂದಾದರೆ ೨೦೦ ಲೀಟರಿನ ಸಾದಾ ತೊಟ್ಟಿ, ಹಿಡಿದುಕೊಳ್ಳಲು ಕಂಬಿ, ಸೌರ ಹೀಟರು, ಬಳಸಿದ ನೀರು ಬಾಳೆಯ ಪಾತಿಗೆ. ಮನೆಯವರೆಲ್ಲ ದಿನಾಲು ಬಳಸುವದಾದರೆ ಮಾತ್ರ ದೊಡ್ಡ ತೊಟ್ಟಿ. ಅದೂ ಪ್ರತಿದಿನ ತಪ್ಪದೆ ಪಟ್ಟಿಯನ್ನದ್ದಿ ನೋಡುವ ಒಬ್ಬರು ಮನೆಯಲ್ಲಿದ್ದರೆ. ದೂರದಲ್ಲಿರುವ ಮಕ್ಕಳು ತೊಟ್ಟಿಯನ್ನು ಕಳಿಸುವ ಮೊದಲು ಆ ಒಬ್ಬರು ಯಾರೆಂದು ಕೇಳಲಿ. ಉತ್ತರವು ದೊರೆಯದಿದ್ದರೆ ಚಿಕ್ಕ ತೊಟ್ಟಿಯನ್ನೇ ಕಳಿಸಲಿ. ವರ್ಷಕ್ಕೆರಡು ಸಲ ತಾವೂ ಬಂದು ತಾಯಿಯ ಮೊಣಕಾಲಿಗೆ ಎಣ್ಣೆ ನೀವಿ ಬಿಸಿನೀರು ಹಾಕಲಿ. ಯಾವ ಯಂತ್ರದ ಧಾರೆಯೂ ಆ ಸುಖವನ್ನು ಕೊಡಲಾರದು.